ಆಕಾಶದ ಮಾತಿಗೆ ಬಾಡಿಗೆ



ರಾಯದುರ್ಗ, ಮಡಕಶಿರಾ ಸೀಮೆಯಂಥ ಗಡಿನಾಡಿನ ದತ್ತಿ ಉಪನ್ಯಾಸವೆಂದರೆ ಶಾಸನ, ವೀರಗಲ್ಲು, ದಾಸರ ಪದ, ಶಾಲೆಯ ಮಾಧ್ಯಮ, ಇಂಥ ವಿಷಯ ಇರುತ್ತದೆ ಎಂದುಕೊಂಡು ಬಂದವರಿಗೆ ಇವತ್ತಿನ ವಿಷಯ ದೂರದ್ದು ಅನ್ನಿಸೀತು. ಬಾಹ್ಯಾಕಾಶಕ್ಕೆ ಹೋದವರೊಡನೆ ಮಾತಾಡಲು ಬೇಕಾದ ಸಂಪರ್ಕವನ್ನು ಸರ್ಕಾರ ಖಾಸಗಿ ಕಂಪನಿಗಳಿಂದ ಕೊಳ್ಳಬಹುದೇ, ಕೊಳ್ಳುವುದಾದರೆ ಹೇಗೆ ಕೊಳ್ಳಬೇಕು ಎಂಬ ಪ್ರಶ್ನೆ ಅದು. ನಿಜ ಹೇಳಬೇಕೆಂದರೆ ಅಷ್ಟೇನೂ ದೂರದ್ದಲ್ಲ. ರಾಯದುರ್ಗ ಬಿಟ್ಟು ಮೊಳಕಾಲ್ಮೂರಿನ ದಾರಿ ಹಿಡಿದರೆ ಮುಂದೆ ಚಳ್ಳಕೆರೆ ಸೀಮೆಯ ಹುಲ್ಲುಗಾವಲು ಸಿಗುತ್ತದೆ. ಒಂದು ಕಾಲಕ್ಕೆ ಅಮೃತಮಹಲ್ ದನಗಳ ಕಾವಲು. ಈಗ ಅಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯ ವೈಮಾನಿಕ ಪರೀಕ್ಷಾ ನೆಲೆಯಿದೆ. 2023ರ ಏಪ್ರಿಲ್ 2ರಂದು ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಇಸ್ರೋದ ರೆಕ್ಕೆಯ ವಾಹನವೊಂದನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಕೈಬಿಟ್ಟಿತು. ಅದು ತಾನೇ ದಾರಿ ಹುಡುಕಿಕೊಂಡು ಬಂದು ರನ್‌ವೇ ಮೇಲೆ ಇಳಿಯಿತು. 2024ರ ಮಾರ್ಚ್ ಮತ್ತು ಜೂನ್ ತಿಂಗಳಲ್ಲಿ ಇನ್ನೆರಡು ಸಲ ಇಳಿಯಿತು. ಮೂರು ಸಲವೂ ವಾಹನ ನೆಲದ ಆಂಟೆನಾಗಳ ಕಣ್ಣಳತೆಯಲ್ಲೇ ಇತ್ತು, ಹಾಗಾಗಿ ಅದರೊಡನೆ ಮಾತಾಡುವುದು ಸಮಸ್ಯೆಯೇ ಆಗಲಿಲ್ಲ. ಇಂಥದೇ ವಾಹನ ಮುಂದೊಂದು ದಿನ ಕಕ್ಷೆಯಿಂದ ಮರಳಿ ಬರುತ್ತ ಭೂಮಿಯ ಆಚೆ ಬದಿಯಲ್ಲಿದ್ದಾಗ ಅದರ ಮಾತನ್ನು ಯಾರು ಕೇಳಿಸಿಕೊಳ್ಳುತ್ತಾರೆ, ಯಾರ ಕಿವಿಯಿಂದ ಕೇಳಿಸಿಕೊಳ್ಳುತ್ತಾರೆ ಎಂಬಲ್ಲಿಂದ ನನ್ನ ವಿಚಾರ ಶುರುವಾಗುತ್ತದೆ.

ನಾನೂರು ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ನೌಕೆ ಸೆಕೆಂಡಿಗೆ ಏಳೂವರೆ ಕಿಲೋಮೀಟರಿಗಿಂತ ಹೆಚ್ಚಿನ ವೇಗದಲ್ಲಿ ಓಡುತ್ತಿರುತ್ತದೆ, ಒಂದೂವರೆ ಗಂಟೆಗೆ ಭೂಮಿಯ ಸುತ್ತ ಒಂದು ಸುತ್ತು ಮುಗಿಸುತ್ತದೆ. ನೆಲದ ಮೇಲಿನ ಒಂದು ಆಂಟೆನಾಕ್ಕೆ ಅದು ಈ ದಿಗಂತದಲ್ಲಿ ಮೂಡಿ ಆ ದಿಗಂತದಲ್ಲಿ ಮುಳುಗುವ ಹೊತ್ತಿಗೆ ಹತ್ತು ನಿಮಿಷ ಸಿಕ್ಕರೆ ದೊಡ್ಡದು. ನಮ್ಮ ಗಗನಯಾತ್ರಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದಾಗ, 2025ರ ಜೂನ್ 28ರಂದು, ಪ್ರಧಾನಿ ಅವರೊಡನೆ ಎದುರಾ ಎದುರು ಕೂತವರಂತೆ ಸಾವಕಾಶವಾಗಿ ಮಾತಾಡಿದ್ದನ್ನು ಟೀವಿಯಲ್ಲಿ ನೋಡಿದ್ದೀರಿ. ಹ್ಯಾಮ್ ರೇಡಿಯೋದವರು ಅದೇ ನಿಲ್ದಾಣದೊಡನೆ ನೇರವಾಗಿ ಮಾತಾಡುವಾಗ ಮಕ್ಕಳು ಪ್ರಶ್ನೆಗಳನ್ನು ಸಾಲಾಗಿ ಬರೆದಿಟ್ಟುಕೊಂಡು ಓಡೋಡಿ ಕೇಳಿ ಮುಗಿಸಬೇಕು. ನಿಲ್ದಾಣ ದಿಗಂತದ ಕೆಳಗೆ ಇಳಿಯಿತೆಂದರೆ ದನಿ ಗೊರಗೊರ ಎಂದು ಕಡಿದುಹೋಗುತ್ತದೆ. ಪ್ರಧಾನಿಯ ಮಾತಿಗೆ ಸಾವಕಾಶ ಒದಗಿಸಿದ್ದು ಮೂವತ್ತಾರು ಸಾವಿರ ಕಿಲೋಮೀಟರ್ ಎತ್ತರದ ಭೂಸ್ಥಿರ ಕಕ್ಷೆಯಲ್ಲಿ ನಿಂತಿರುವ ರಿಲೇ ಉಪಗ್ರಹಗಳು. ಶ್ರೀಶೈಲದ ನೀರು ಹಂದ್ರಿ-ನೀವಾ ಕಾಲುವೆಯಲ್ಲಿ ಪಂಪಿನಿಂದ ಪಂಪಿಗೆ ಏರುತ್ತ ಮಡಕಶಿರಾ ಕಡೆಗೆ ಬರುತ್ತದಲ್ಲ, ಹಾಗೆ ಇಲ್ಲಿ ಮಾತು ಏರುತ್ತದೆ, ಇಳಿಯುತ್ತದೆ. ನೌಕೆ ಕೆಳಗಿನ ನೆಲಕ್ಕೆ ಹೇಳಲಾಗದ್ದನ್ನು ಮೇಲಿನ ಉಪಗ್ರಹಕ್ಕೆ ಹೇಳುತ್ತದೆ, ಅದು ಭೂಮಿಯ ಮೇಲಿನ ತನ್ನ ನೆಲೆಗೆ ದಾಟಿಸುತ್ತದೆ. ಅಷ್ಟು ಎತ್ತರದಲ್ಲಿ ನಿಂತ ಒಂದಕ್ಕೆ ನೌಕೆಯ ಅರ್ಧ ಸುತ್ತಿಗಿಂತ ಹೆಚ್ಚು ಕಾಣುತ್ತದೆ. ದೂರ ದೂರದಲ್ಲಿ ಎರಡನ್ನು ನಿಲ್ಲಿಸಿದರೆ ಬಹುತೇಕ ಪೂರ್ತಿ ಸುತ್ತು ಕಾಣುತ್ತದೆ. ನೆಲದ ಕೇಂದ್ರಗಳನ್ನೇ ನಂಬಿದ್ದ ಕಾಲದಲ್ಲಿ ಅಮೆರಿಕದ ನೌಕೆಗಳಿಗೆ ಒಂದು ಸುತ್ತಿನ ಸುಮಾರು ನೂರಕ್ಕೆ ಹದಿನೈದು ಪಾಲು ಮಾತ್ರ ಸಂಪರ್ಕವಿತ್ತು. ಚೀನಾ ತನ್ನ ಮೊದಲ ರಿಲೇ ಉಪಗ್ರಹ ತ್ಯಾನ್‌ಲ್ಯಾನನ್ನು 2008ರ ಏಪ್ರಿಲ್‌ನಲ್ಲಿ ಹಾರಿಸಿತು. ಅದೇ ಸೆಪ್ಟೆಂಬರಿನಲ್ಲಿ ಅದರ ಗಗನಯಾತ್ರಿ ಮೊದಲ ಸಲ ನೌಕೆಯಿಂದ ಹೊರಗೆ ಕಾಲಿಟ್ಟ. ಮನುಷ್ಯರನ್ನು ಕಳಿಸುವವರು ಅವರ ದನಿಗೂ ದಾರಿ ಮಾಡಬೇಕು ಎಂಬ ಲೆಕ್ಕ ಎಲ್ಲರದೂ ಒಂದೇ.

ಈ ದಾರಿಯನ್ನು ಸರ್ಕಾರವೇ ಕಟ್ಟಬೇಕೋ ಬಾಡಿಗೆಗೆ ಹಿಡಿಯಬೇಕೋ ಎಂಬುದು ಹೊಸ ಚರ್ಚೆಯೆಂದು ಪತ್ರಿಕೆಗಳಲ್ಲಿ ಬರೆಯುವುದುಂಟು. ಹೊಸದಲ್ಲ. ನಾಸಾದ ಟಿಡಿಆರ್‌ಎಸ್ ರಿಲೇ ವ್ಯವಸ್ಥೆಯನ್ನು ಇವತ್ತು ಅಪ್ಪಟ ಸರ್ಕಾರಿ ಆಸ್ತಿಯೆಂದು ಎಲ್ಲರೂ ಉದಾಹರಿಸುತ್ತಾರೆ. ಅದು ಹುಟ್ಟಿದ್ದು ಬಾಡಿಗೆಯ ಕರಾರಿನಲ್ಲಿ. 1976ರಲ್ಲಿ ನಾಸಾ ವೆಸ್ಟರ್ನ್ ಯೂನಿಯನ್ ಸಮೂಹದ ಕಂಪನಿಯೊಡನೆ ಹತ್ತು ವರ್ಷದ ಸೇವೆಗೆ ಒಪ್ಪಂದ ಮಾಡಿಕೊಂಡಿತು. ಉಪಗ್ರಹ ಕಂಪನಿಯದು, ನಾಸಾ ಬಳಕೆದಾರ. ಅದೇ ಉಪಗ್ರಹಗಳಲ್ಲಿ ಕಂಪನಿಯ ವಾಣಿಜ್ಯ ಸಂದೇಶಗಳೂ ಹರಿಯಬೇಕೆಂಬುದು ಮೊದಲ ಯೋಜನೆ. ಮೊದಲ ಉಪಗ್ರಹ 1983ರ ಏಪ್ರಿಲ್‌ನಲ್ಲಿ ಚಾಲೆಂಜರ್ ಶಟಲ್‌ನಲ್ಲಿ ಹೋಯಿತು; ಮೇಲೇರಿಸುವ ರಾಕೆಟ್ಟಿನ ಹಂತ ಕೈಕೊಟ್ಟದ್ದರಿಂದ ತನ್ನ ಜಾಗ ಸೇರಲು ತಿಂಗಳುಗಟ್ಟಲೆ ತೆವಳಿತು. ಎರಡನೆಯದು 1986ರ ಜನವರಿ 28ರಂದು ಅದೇ ಚಾಲೆಂಜರ್ ಜೊತೆ, ಏಳು ಜನರ ಜೊತೆ, ನಾಶವಾಯಿತು. 1988ರ ಸೆಪ್ಟೆಂಬರಿನಲ್ಲಿ ಮೂರನೆಯದು ಹೋಗುವವರೆಗೆ ಒಂಟಿ ಉಪಗ್ರಹವೇ ಗತಿ. ಈ ನಡುವೆ ವಾಣಿಜ್ಯದ ಭಾಗ ಕೈಬಿಟ್ಟುಹೋಯಿತು, ಕಂಪನಿಯ ಪಾಲುದಾರರು ಬದಲಾದರು, 1990ರ ಸುಮಾರಿಗೆ ಇಡೀ ವ್ಯವಸ್ಥೆ ಸರ್ಕಾರದ ಒಡೆತನಕ್ಕೆ ಬಂತು. ಬೇರೆ ಗಿರಾಕಿಯಿಲ್ಲದ ಸರಕನ್ನು ಬಾಡಿಗೆ ಎಂದು ಕರೆದ ಮಾತ್ರಕ್ಕೆ ಅದು ಮಾರುಕಟ್ಟೆಯ ಸರಕಾಗುವುದಿಲ್ಲ. ಮಾರುವವ ಒಬ್ಬ, ಕೊಳ್ಳುವವ ಒಬ್ಬ ಇದ್ದಲ್ಲಿ ಗಂಡಾಂತರವೆಲ್ಲ ಕೊನೆಗೆ ಬಂದು ಕೂರುವುದು ಖಜಾನೆಯ ತಲೆಯ ಮೇಲೆ. ಆ ಕಥೆಯಿಂದ ನಾನು ಕಲಿಯುವ ಪಾಠ ಇಷ್ಟು.

ಈಗ ಪರಿಸ್ಥಿತಿ ಬೇರೆಯಾಗಿದೆ. ಕೆಳ ಕಕ್ಷೆಯಲ್ಲಿ ಸಾವಿರಾರು ಉಪಗ್ರಹಗಳಿಂದ ಇಂಟರ್ನೆಟ್ ಮಾರುವವರು ಬಂದಿದ್ದಾರೆ, ಭೂಸ್ಥಿರ ಕಕ್ಷೆಯವರೂ ಹಡಗು ವಿಮಾನಗಳಿಗೆ ಸಂಪರ್ಕ ಮಾರುತ್ತಿದ್ದಾರೆ. ಹಡಗಿಗೆ ಮಾರುವುದನ್ನು ಬಾಹ್ಯಾಕಾಶ ನೌಕೆಗೂ ಮಾರಲಿ ಎಂದು ನಾಸಾ 2022ರ ಏಪ್ರಿಲ್‌ನಲ್ಲಿ ಆರು ಕಂಪನಿಗಳನ್ನು ಆರಿಸಿ ಒಟ್ಟು 27.85 ಕೋಟಿ ಡಾಲರ್ ಕೊಡಲು ಒಪ್ಪಿತು. ಸ್ಪೇಸ್‌ಎಕ್ಸ್‌ಗೆ ಸುಮಾರು ಏಳು ಕೋಟಿ, ಅಮೆಜಾನ್‌ನ ಕೈಪರ್‌ಗೆ 6.7 ಕೋಟಿ, ವಯಾಸ್ಯಾಟ್‌ಗೆ 5.33 ಕೋಟಿ, ಉಳಿದದ್ದು ಟೆಲಿಸ್ಯಾಟ್, ಎಸ್‌ಇಎಸ್, ಇನ್‌ಮಾರ್‌ಸ್ಯಾಟ್‌ಗಳಿಗೆ. ಕಂಪನಿಗಳೂ ತಮ್ಮ ಕೈಯಿಂದ ಹಣ ಹಾಕಿ, ಮೊದಲು ಕಕ್ಷೆಯಲ್ಲಿ ಮಾಡಿ ತೋರಿಸಬೇಕು. ಸೇವೆಯ ಖರೀದಿ ಆಮೇಲೆ. ಇತ್ತ 2024ರ ನವೆಂಬರಿನಿಂದ ಟಿಡಿಆರ್‌ಎಸ್‌ಗೆ ಹೊಸ ಯೋಜನೆಗಳನ್ನು ಸೇರಿಸಿಕೊಳ್ಳುವುದನ್ನೇ ನಿಲ್ಲಿಸಿದ್ದಾರೆ. ಇರುವ ಬಳಕೆದಾರರನ್ನು ಮಾತ್ರ ಕೊನೆಯವರೆಗೆ ನಡೆಸಿಕೊಡುತ್ತಾರೆ. ಯುರೋಪಿನವರು ಇದಕ್ಕೂ ಮುಂಚೆ ಇನ್ನೊಂದು ದಾರಿ ಹಿಡಿದಿದ್ದರು. ಅಲ್ಲಿಯ ಬಾಹ್ಯಾಕಾಶ ಸಂಸ್ಥೆ ಮತ್ತು ಏರ್‌ಬಸ್ ಪಾಲುದಾರಿಕೆಯಲ್ಲಿ 2016 ಮತ್ತು 2019ರಲ್ಲಿ ಎರಡು ಲೇಸರ್ ರಿಲೇಗಳು ಮೇಲೆ ಹೋದವು, ಸೆಕೆಂಡಿಗೆ 1.8 ಗಿಗಾಬಿಟ್ ಸಾಗಿಸುವ ಆ ದಾರಿಗೆ ಖಾಯಂ ಗಿರಾಕಿ ಯುರೋಪಿನ ಸರ್ಕಾರಿ ಭೂವೀಕ್ಷಣಾ ಉಪಗ್ರಹಗಳು. ಹೆಸರು ವಾಣಿಜ್ಯದ್ದು, ಅನ್ನ ಸರ್ಕಾರದ್ದು.

ನಾಸಾದ ಆರು ಕಂಪನಿಗಳ ಪಟ್ಟಿಯನ್ನು ಕೆಲವರು ಸ್ಪರ್ಧೆಯ ಮಾದರಿಯೆಂದು ಹೊಗಳುತ್ತಾರೆ. ಹೊಗಳಲಿ, ಆದರೆ ಒಪ್ಪಂದದ ಮರುವರ್ಷವೇ, 2023ರ ಮೇ ತಿಂಗಳಲ್ಲಿ, ಆ ಪಟ್ಟಿಯ ವಯಾಸ್ಯಾಟ್ ಅದೇ ಪಟ್ಟಿಯ ಇನ್‌ಮಾರ್‌ಸ್ಯಾಟನ್ನು ಕೊಂಡುಬಿಟ್ಟಿತು. ಆರು ಹೆಸರು, ಐದು ಮನೆ. 2025ರಲ್ಲಿ ಎಸ್‌ಇಎಸ್ ಇಂಟೆಲ್‌ಸ್ಯಾಟನ್ನು ನುಂಗಿತು. ಅಂಗಡಿಗಳ ಸಂಖ್ಯೆ ಕೊಳ್ಳುವವನ ಕೈಯಲ್ಲಿಲ್ಲ. ನಾಳೆ ಮೂರೇ ಅಂಗಡಿ ಉಳಿದರೂ ಒಂದರಿಂದ ಇನ್ನೊಂದಕ್ಕೆ ಹೋಗುವ ಶಕ್ತಿ ಕೊಳ್ಳುವವನಿಗೆ ಇರಬೇಕು. ಆ ಶಕ್ತಿ ಇರುವುದು ಎಲ್ಲಿ? ಕಂಪನಿಯ ಉಪಗ್ರಹದಲ್ಲಿ ಅಲ್ಲ, ನಮ್ಮ ನೌಕೆಯ ಮೇಲಿರುವ ರೇಡಿಯೋ ಟರ್ಮಿನಲ್ಲಿನಲ್ಲಿ. ಅದು ಒಂದೇ ಕಂಪನಿಯ ಭಾಷೆ ಬಲ್ಲದ್ದಾದರೆ ನಾವು ಆ ಕಂಪನಿಯ ಆಳು. ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ: ಬಟ್ಟೆ ಮಾಲೀಕನದೇ ಆದರೂ ಮೆಷಿನ್ ತನ್ನದಾಗಿದ್ದರೆ ದರ ಗಿಟ್ಟದಿದ್ದಾಗ ಬೇರೆಯವರ ಬಟ್ಟೆ ಹಿಡಿಯಬಹುದು, ಮೆಷಿನ್ನೂ ಮಾಲೀಕನದಾದರೆ ಅವನು ಹೇಳಿದ್ದೇ ಕೂಲಿ.

ನಾಸಾ ಇದನ್ನು ಅರಿತಿದೆ ಎಂಬುದಕ್ಕೆ 2025ರ ಜುಲೈನಲ್ಲಿ ಹಾರಿದ ಒಂದು ಸಣ್ಣ ಉಪಗ್ರಹ ಸಾಕ್ಷಿ. ಅದರಲ್ಲಿ ಜಾನ್ಸ್ ಹಾಪ್‌ಕಿನ್ಸ್ ಪ್ರಯೋಗಾಲಯ ರೂಪಿಸಿದ ಟರ್ಮಿನಲ್ ಇದೆ. ಅದು ಸರ್ಕಾರದ ಟಿಡಿಆರ್‌ಎಸ್ ಜೊತೆಗೂ ಮಾತಾಡುತ್ತದೆ, ಎಸ್‌ಇಎಸ್ ಜೊತೆಗೂ, ವಯಾಸ್ಯಾಟ್ ಜೊತೆಗೂ, ಒಂದನ್ನು ಬಿಟ್ಟು ಇನ್ನೊಂದಕ್ಕೆ ದಾಟುತ್ತದೆ. ಮೊಬೈಲಿನವರ ರೋಮಿಂಗ್‌ನಂತೆ. ಅವರು ಅದಕ್ಕಿಟ್ಟ ಹೆಸರಿನ ಅರ್ಥ ಬಹುಭಾಷಾ ಟರ್ಮಿನಲ್ ಎಂದು. ಈ ಹೆಸರು ಗಡಿನಾಡಿನ ಕಿವಿಗೆ ಬೇಗ ಹಿಡಿಸುತ್ತದೆ. ರಾಯದುರ್ಗ ತಾಲ್ಲೂಕು ಬಳ್ಳಾರಿ ಜಿಲ್ಲೆಯಿಂದ 1953ರ ಅಕ್ಟೋಬರ್ 1ರಂದು ಆಂಧ್ರಕ್ಕೆ ಹೋಯಿತು. ಅನಂತಪುರ ಜಿಲ್ಲೆಯಲ್ಲಿದ್ದ ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಜಿಲ್ಲೆ, ರಾಜ್ಯ, ಕಚೇರಿ ಎಲ್ಲವೂ ಬದಲಾದರೂ ಈ ಸೀಮೆಯವರು ಬದುಕಿದ್ದು ಎರಡು ಭಾಷೆಯ ಬಲದಿಂದ. ಮನೆಯಲ್ಲಿ ಕನ್ನಡ, ಮಂಡಲದ ಕಂದಾಯ ಕಚೇರಿಯಲ್ಲಿ ತೆಲುಗು, ಪಾವಗಡದ ಸಂತೆಯಲ್ಲಿ ಮತ್ತೆ ಕನ್ನಡ, ಹಿಂದೂಪುರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಎರಡೂ. ಒಂದೇ ಭಾಷೆ ಬಲ್ಲವನಿಗೆ ಸಂತೆ ಒಂದೇ, ದರವೂ ಒಂದೇ. ನಮ್ಮವರನ್ನು ಕಕ್ಷೆಗೆ ಕಳಿಸುವ ಇಸ್ರೋದ ಗಗನಯಾನ ಯೋಜನೆಯ ಟರ್ಮಿನಲ್ ಈ ಸೀಮೆಯ ರೈತನಷ್ಟಾದರೂ ಬಹುಭಾಷಿಯಾಗಿರಬೇಕು, ಮತ್ತು ಅದರ ವಿನ್ಯಾಸ ನಮ್ಮದಾಗಿರಬೇಕು ಎನ್ನುವುದು ನನ್ನ ವಾದದ ಅರ್ಧ.

ಉಳಿದ ಅರ್ಧಕ್ಕೆ ನಮ್ಮದೇ ಚರಿತ್ರೆಗೆ ಹೋಗಬೇಕು. ಹಿರಿಯರಿಗೆ ಸೈಟ್ ಪ್ರಯೋಗ ನೆನಪಿದ್ದೀತು. ಅಮೆರಿಕದ ಎಟಿಎಸ್-6 ಉಪಗ್ರಹದಿಂದ 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಕರ್ನಾಟಕ, ಆಂಧ್ರ ಸೇರಿ ಆರು ರಾಜ್ಯಗಳ ಎರಡು ಸಾವಿರದ ನಾನೂರು ಹಳ್ಳಿಗಳಿಗೆ ನೇರವಾಗಿ ಟೀವಿ ಬಂತು, ಕನ್ನಡದಲ್ಲೂ ತೆಲುಗಿನಲ್ಲೂ. ಇದನ್ನು ಹೇಳುವವರು ಬಹಳ ಮಂದಿ. ಎಟಿಎಸ್-6 ಹಿಂದೂ ಮಹಾಸಾಗರದ ಕಡೆ ಸರಿದು ಬಂದ ಹೊಸದರಲ್ಲಿ, ಸೈಟ್ ಶುರುವಾಗುವ ಎರಡು ವಾರದ ಹಿಂದೆ, ಇನ್ನೊಂದು ಕೆಲಸ ಮಾಡಿತ್ತೆಂಬುದನ್ನು ಹೇಳುವವರು ಕಡಿಮೆ. 1975ರ ಜುಲೈನಲ್ಲಿ ಅಪೋಲೋ ಮತ್ತು ಸೋಯುಜ್ ನೌಕೆಗಳು ಕಕ್ಷೆಯಲ್ಲಿ ಕೈಕುಲುಕಿದವಲ್ಲ, ಆಗ ಅಪೋಲೋದ ಮಾತನ್ನೂ ಚಿತ್ರವನ್ನೂ ಹಿಡಿದು ನೆಲಕ್ಕೆ ದಾಟಿಸಿದ್ದು ಇದೇ ಉಪಗ್ರಹ. ಮನುಷ್ಯರಿದ್ದ ನೌಕೆಗೆ ಉಪಗ್ರಹ ರಿಲೇ ಆದದ್ದು ಅದೇ ಮೊದಲು. ಆ ಕೆಲಸ ಮುಗಿಸಿ ಅದು ನಮ್ಮ ಹಳ್ಳಿಗಳ ಟೀವಿಗೆ ತಿರುಗಿತು. 1969ರ ಸೆಪ್ಟೆಂಬರಿನ ಒಪ್ಪಂದದಲ್ಲಿ ವರ್ಷವೊಂದೇ ಎಂದು ಬರೆದಿತ್ತು. ವರ್ಷ ತುಂಬಿದ ದಿನ ಪ್ರಸಾರ ನಿಂತಿತು, ಉಪಗ್ರಹವನ್ನು ಅವರು ಹಿಂದಕ್ಕೆ ಸರಿಸಿಕೊಂಡರು. ಅದರಲ್ಲಿ ಮೋಸವಿರಲಿಲ್ಲ. ದಾರಿ ಅವರದು, ಅವಧಿ ಬರಹದಲ್ಲಿತ್ತು.

ಇಲ್ಲಿ ಗಮನಿಸಬೇಕಾದದ್ದು ಆ ವರ್ಷ ಮುಗಿದಾಗ ನಮ್ಮ ಕೈಯಲ್ಲಿ ಏನು ಉಳಿಯಿತು ಎಂಬುದನ್ನು. ನೆಲದ ಕೇಂದ್ರ ನಮ್ಮದಿತ್ತು, ಹಳ್ಳಿಯ ಬಲೆಯಂಥ ಆಂಟೆನಾ ನಾವೇ ಮಾಡಿದ್ದು, ಕಾರ್ಯಕ್ರಮ ಮಾಡಿದವರು ನಮ್ಮವರು. ಅದೇ ಅನುಭವದಿಂದ ಮುಂದೆ ಇನ್‌ಸ್ಯಾಟ್ ಬಂತು. ಇನ್‌ಸ್ಯಾಟ್ ಮೊದಲ ಸಾಲಿನ ಉಪಗ್ರಹಗಳನ್ನು ನಾವು ಕಟ್ಟಲಿಲ್ಲ, ಅಮೆರಿಕದ ಫೋರ್ಡ್ ಏರೋಸ್ಪೇಸ್‌ನಿಂದ ಕೊಂಡೆವು. ಅದೂ ಸರ್ಕಾರಿ ಖರೀದಿಯೇ. ಆದರೆ ಕೊಂಡ ಉಪಗ್ರಹವನ್ನು ನಡೆಸುವ ಲಗಾಮನ್ನು 1982ರಲ್ಲಿ ಹಾಸನದಲ್ಲಿ ನಮ್ಮದೇ ನಿಯಂತ್ರಣ ಕೇಂದ್ರ ಕಟ್ಟಿ ಅಲ್ಲಿಟ್ಟುಕೊಂಡೆವು. ಇನ್‌ಸ್ಯಾಟ್-1ಎ ಅದೇ ವರ್ಷ ಏಪ್ರಿಲ್‌ನಲ್ಲಿ ಹೋಗಿ ಸೆಪ್ಟೆಂಬರಿನಲ್ಲೇ ಕೆಟ್ಟಿತು. ಮಾರಿದವನ ಯಂತ್ರ ಕೆಟ್ಟರೂ ಹಾಸನದ ಎಂಜಿನಿಯರುಗಳು ಕಲಿತದ್ದು ಕೆಡಲಿಲ್ಲ, ಮರುವರ್ಷದ 1ಬಿ ಅವರ ಕೈಯಲ್ಲಿ ಪಳಗಿ ದೇಶಕ್ಕೆ ದೂರದರ್ಶನ ಹಂಚಿತು. ಕೊಳ್ಳುವುದು ನಾಚಿಕೆಯ ವಿಷಯವಲ್ಲ ಎಂಬುದಕ್ಕೂ, ಎಷ್ಟನ್ನು ಕೊಳ್ಳಬೇಕು ಯಾವುದನ್ನು ಇಟ್ಟುಕೊಳ್ಳಬೇಕು ಎಂಬ ವಿವೇಕ ಒಂದು ಕಾಲಕ್ಕೆ ನಮಗಿತ್ತು ಎಂಬುದಕ್ಕೂ ಹಾಸನವೇ ಸಾಕ್ಷಿ.

ಹಾಗಾಗಿ ನನ್ನ ಮಾತನ್ನು ನೇರವಾಗಿ ಇಡುತ್ತೇನೆ. ನೌಕೆಯಿಂದ ಬರುವ ಸಂಪರ್ಕದಲ್ಲಿ ಎರಡು ಬಗೆ. ಒಂದು ಸಣ್ಣ ಎಳೆ: ಗಗನಯಾತ್ರಿಯ ದನಿ, ನಾಡಿಬಡಿತ, ಕೋಣೆಯ ಗಾಳಿಯ ಒತ್ತಡ, ಎಂಜಿನ್ನಿಗೆ ಕೊಡುವ ಆಜ್ಞೆ. ಇದಕ್ಕೆ ದಪ್ಪ ಕೊಳವೆ ಬೇಕಿಲ್ಲ, ಕಡಿಯದಿರುವುದು ಮುಖ್ಯ. ಇನ್ನೊಂದು ದೊಡ್ಡ ಹರಿವು: ವಿಡಿಯೋ, ಪ್ರಯೋಗಗಳ ಮಾಹಿತಿ, ಭೂಮಿಯ ಚಿತ್ರಗಳು. ಇದು ಹತ್ತು ನಿಮಿಷ ತಡವಾದರೆ ಯಾರ ಪ್ರಾಣವೂ ಹೋಗುವುದಿಲ್ಲ. ಸಣ್ಣ ಎಳೆಯನ್ನು ಸ್ವಂತದ ರಿಲೇ ಉಪಗ್ರಹಗಳ ಮೇಲೆ ಇಟ್ಟುಕೊಂಡು ದೊಡ್ಡ ಹರಿವನ್ನು ಮಾರುಕಟ್ಟೆಯಲ್ಲಿ ಕೊಳ್ಳಿ. ಇಸ್ರೋ ಭೂಸ್ಥಿರ ಕಕ್ಷೆಯ ಎರಡು ಉಪಗ್ರಹಗಳ ಭಾರತೀಯ ದತ್ತಾಂಶ ರಿಲೇ ವ್ಯವಸ್ಥೆಯನ್ನು ಯೋಜಿಸಿರುವುದು ಮುಖ್ಯವಾಗಿ ಗಗನಯಾನಕ್ಕಾಗಿಯೇ. ಅದನ್ನು ಕೈಬಿಡಬಾರದು, ಅದನ್ನೇ ಎಲ್ಲಕ್ಕೂ ಹೊರೆ ಹೊರುವ ಎತ್ತನ್ನಾಗಿಸಲೂ ಬಾರದು. 2023ರ ಆಗಸ್ಟ್‌ನಲ್ಲಿ ಚಂದ್ರಯಾನ-3ರ ಲ್ಯಾಂಡರ್ ಇಳಿಯುವ ಎರಡು ದಿನ ಮುಂಚೆ ಚಂದ್ರಯಾನ-2ರ ಆರ್ಬಿಟರ್ ಜೊತೆ ಸಂಪರ್ಕ ಕೂಡಿಸಿಕೊಂಡಿತು. ಬ್ಯಾಲಾಳುವಿನ ಮೂವತ್ತೆರಡು ಮೀಟರ್ ಆಂಟೆನಾಕ್ಕೆ ನೇರವಾಗಿ ಮಾತಾಡುವ ದಾರಿ ಇದ್ದರೂ ಇದು ಎರಡನೆಯ ದಾರಿ. ಒಂದು ಮುರಿದರೆ ಇನ್ನೊಂದು ಇರಲಿ ಎಂಬ ಬುದ್ಧಿ ನಮ್ಮ ಎಂಜಿನಿಯರುಗಳಿಗೆ ಯಾರೂ ಹೇಳಿಕೊಡಬೇಕಿಲ್ಲ; ಅದನ್ನು ಖರೀದಿಯ ಕಡತ ಬರೆಯುವವರೂ ಕಲಿಯಬೇಕು.

ಎಲ್ಲವೂ ಸ್ವಂತದ್ದೇ ಆಗಬೇಕು, ಮನುಷ್ಯರ ಪ್ರಾಣದ ವಿಷಯದಲ್ಲಿ ಪರರನ್ನು ನಂಬಬಾರದು ಎಂದು ಒಂದು ಪಕ್ಷ ಹೇಳುತ್ತದೆ. ಗೌರವದ ಮಾತು, ಆದರೆ ನಡೆಯುತ್ತಿರುವುದಕ್ಕೆ ಹೊಂದದ ಮಾತು. ಚಂದ್ರಯಾನ-3ಕ್ಕೂ ಆದಿತ್ಯ-ಎಲ್1ಕ್ಕೂ ಯುರೋಪಿನ ಬಾಹ್ಯಾಕಾಶ ಸಂಸ್ಥೆಯ ಮೂಲಕ ನೆರವಾದ ಆಂಟೆನಾಗಳಲ್ಲಿ ಇಂಗ್ಲೆಂಡಿನ ಗೂನ್‌ಹಿಲ್ಲಿ ಎಂಬ ಖಾಸಗಿ ಕೇಂದ್ರದ್ದೂ ಒಂದು. ಗಗನಯಾನಕ್ಕೆ ನೆಲದ ಸಂಪರ್ಕ ಒದಗಿಸಲು ಯುರೋಪಿನ ಅದೇ ಬಾಹ್ಯಾಕಾಶ ಸಂಸ್ಥೆಯೊಡನೆ 2024ರ ಡಿಸೆಂಬರಿನಲ್ಲಿ ಕರಾರಾಗಿದೆ. ಆಸ್ಟ್ರೇಲಿಯಾದ ಕೋಕೋಸ್ ದ್ವೀಪದಲ್ಲಿ ತಾತ್ಕಾಲಿಕ ಕೇಂದ್ರದ ಏರ್ಪಾಟಿದೆ. 4,700 ಕಿಲೋ ತೂಕದ ಜಿಸ್ಯಾಟ್-ಎನ್2 ನಮ್ಮ ರಾಕೆಟ್ಟಿಗೆ ಭಾರವಾದಾಗ ನ್ಯೂಸ್ಪೇಸ್ ಇಂಡಿಯಾ ಸಂಸ್ಥೆ ಅದನ್ನು 2024ರ ನವೆಂಬರಿನಲ್ಲಿ ಸ್ಪೇಸ್‌ಎಕ್ಸ್ ರಾಕೆಟ್ಟಿನಲ್ಲಿ ಕಳಿಸಿತು. ಕೊಳ್ಳುವುದು ಆಗಲೇ ಶುರುವಾಗಿದೆ. ಜೊತೆಗೆ, ಸ್ವಂತದ್ದೆಂಬ ಒಂದೇ ಕಾರಣಕ್ಕೆ ಯಾವುದೂ ಕೆಡದೆ ಉಳಿಯುವುದಿಲ್ಲ. ಜಿಸ್ಯಾಟ್-6ಎ ಅಪ್ಪಟ ನಮ್ಮದು, ನಮ್ಮ ರಾಕೆಟ್ಟಿನಲ್ಲೇ 2018ರ ಮಾರ್ಚ್ 29ರಂದು ಹೋಯಿತು. ಕೆಲವೇ ದಿನಗಳಲ್ಲಿ ಸಂಪರ್ಕ ಕಡಿಯಿತು, ಮತ್ತೆ ಸಿಗಲಿಲ್ಲ. ಎರಡೇ ಉಪಗ್ರಹಗಳ ವ್ಯವಸ್ಥೆಯಲ್ಲಿ ಒಂದು ಹೀಗೆ ಮೌನವಾದರೆ, ಕೊಂಡಿಟ್ಟ ಪರ್ಯಾಯ ಇಲ್ಲದಿದ್ದರೆ, ಸ್ವಾಭಿಮಾನ ಆಗ ಉಪಯೋಗಕ್ಕೆ ಬರುವುದಿಲ್ಲ.

ಎದುರು ಪಕ್ಷದವರು ಪೂರ್ತಿ ಕೊಳ್ಳಿ ಎನ್ನುತ್ತಾರೆ. ಗಗನಯಾನಕ್ಕೆ 2018ರಲ್ಲಿ 9,023 ಕೋಟಿ ರೂಪಾಯಿ ಮಂಜೂರಾಗಿತ್ತು. 2024ರ ಸೆಪ್ಟೆಂಬರಿನಲ್ಲಿ ವ್ಯಾಪ್ತಿ ಹಿಗ್ಗಿಸಿ ಅದನ್ನು 20,193 ಕೋಟಿಗೆ ಏರಿಸಿದರು. ಮತ್ತೆ ಸ್ವಂತದ ರಿಲೇಗೆ ಯಾಕೆ ಹಣ, ಆಕಾಶದ ತುಂಬ ಸ್ಪೇಸ್‌ಎಕ್ಸ್‌ನ ಸ್ಟಾರ್‌ಲಿಂಕ್ ಜಾಲ ಇದೆಯಲ್ಲ ಎಂಬ ವಾದ. 2024ರ ಸೆಪ್ಟೆಂಬರಿನ ಪೊಲಾರಿಸ್ ಡಾನ್ ಯಾತ್ರೆಯಲ್ಲಿ ಡ್ರ್ಯಾಗನ್ ನೌಕೆ ಲೇಸರ್ ಮೂಲಕ ಸ್ಟಾರ್‌ಲಿಂಕ್ ಜೊತೆ ಮಾತಾಡಿ ತೋರಿಸಿದ್ದೂ ನಿಜ. ಆದರೆ ಆ ಜಾಲದ ಒಡೆಯ ಉಕ್ರೇನ್ ಯುದ್ಧದ ಹೊತ್ತಿನಲ್ಲಿ ಸೆವಾಸ್ಟೊಪೋಲ್ ಕಡೆಗೆ ಸಂಪರ್ಕ ತೆರೆಯಲು ಬಂದ ಕೋರಿಕೆಯನ್ನು ತಾನು ನಿರಾಕರಿಸಿದೆನೆಂದು 2023ರಲ್ಲಿ ತಾನೇ ಹೇಳಿಕೊಂಡ. ನಿರಾಕರಿಸಿದ್ದು ಸರಿಯೋ ತಪ್ಪೋ ಎಂಬ ತರ್ಕ ನನಗಿಲ್ಲಿ ಬೇಡ. ಒಬ್ಬ ವ್ಯಕ್ತಿ ಬೇಡವೆಂದರೆ ಬೇಡ ಎಂಬುದಷ್ಟೇ ನನಗೆ ಬೇಕಾದ ಸಂಗತಿ. ಗಗನಯಾತ್ರಿಯ ದನಿಯ ಎಳೆಯನ್ನು ಅಂಥ ಬೇಡಕ್ಕೆ ಕಟ್ಟಲಾಗದು. ಅವನ ಪ್ರಯೋಗದ ವಿಡಿಯೋವನ್ನು ಧಾರಾಳವಾಗಿ ಕಟ್ಟಬಹುದು. ಅದು ನಿಂತರೆ ಇನ್ನೊಬ್ಬರ ಜಾಲಕ್ಕೆ ದಾಟಿದರಾಯಿತು. ಬಹುಭಾಷಾ ಟರ್ಮಿನಲ್ ಬೇಕೆಂದದ್ದು ಇದಕ್ಕೇ.

ಇನ್ನು ಕರಾರಿನ ವಿಷಯ. ಬಾಹ್ಯಾಕಾಶದ ಕರಾರೆಂದರೆ ಬೆಂಗಳೂರಿನಲ್ಲಿ ಇವತ್ತಿಗೂ ನೆನಪಾಗುವ ಹೆಸರು ದೇವಾಸ್. 2005ರ ಜನವರಿ 28ರಂದು ಇಸ್ರೋದ ವಾಣಿಜ್ಯ ಅಂಗ ಆಂಟ್ರಿಕ್ಸ್ ಎರಡು ಉಪಗ್ರಹಗಳ ಬಹುಪಾಲು ಸಾಮರ್ಥ್ಯವನ್ನು ಎಸ್-ಬ್ಯಾಂಡ್ ತರಂಗಗಳ ಸಮೇತ ಆ ಖಾಸಗಿ ಕಂಪನಿಗೆ ಗುತ್ತಿಗೆ ಕೊಟ್ಟಿತು. ಒಂದು ಉಪಗ್ರಹಕ್ಕೆ ಸಂಪುಟದ ಒಪ್ಪಿಗೆ ಕೇಳುವಾಗ ಅದರ ಸಾಮರ್ಥ್ಯ ಆಗಲೇ ಮಾತಾಗಿದೆ ಎಂಬುದನ್ನು ಟಿಪ್ಪಣಿಯಲ್ಲಿ ಹೇಳಿರಲಿಲ್ಲ. 2011ರಲ್ಲಿ ರಕ್ಷಣೆ ಮೊದಲಾದ ದೇಶದ ಅಗತ್ಯಗಳಿಗೆ ಆ ತರಂಗ ಬೇಕೆಂದು ಸರ್ಕಾರ ಕರಾರು ರದ್ದುಮಾಡಿತು. 2015ರಲ್ಲಿ ಅಂತರರಾಷ್ಟ್ರೀಯ ಪಂಚಾಯ್ತಿ 56.25 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದಿತು. ಇತ್ತ 2022ರ ಜನವರಿ 17ರಂದು ಸುಪ್ರೀಂ ಕೋರ್ಟ್ ಕಂಪನಿ ವಂಚನೆಯಿಂದ ಹುಟ್ಟಿದ್ದೆಂದು ಹೇಳಿ ಅದನ್ನು ಮುಚ್ಚಿಸಿದ ಆದೇಶ ಎತ್ತಿಹಿಡಿಯಿತು. ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೂ ಹೋದ ವ್ಯಾಜ್ಯಕ್ಕೆ 2025ರ ಜೂನ್‌ನಲ್ಲೂ ಹೊಸ ತೀರ್ಪು ಬಂತು. ಅಲ್ಲಿ ಸರ್ಕಾರದ ಸಂಸ್ಥೆ ಮಾರುವ ಕಡೆಯಿತ್ತು, ರಿಲೇ ವಿಷಯದಲ್ಲಿ ಕೊಳ್ಳುವ ಕಡೆ ಇರುತ್ತದೆ, ಎರಡಕ್ಕೂ ಏನು ಸಂಬಂಧ ಎನ್ನಬಹುದು. ಸಂಬಂಧವಿದೆ. ದೇಶಕ್ಕೆ ಎಷ್ಟು ಬೇಕು ಎಂದು ಅಳೆದು ಬರೆದಿಟ್ಟುಕೊಳ್ಳದೆ ಮಾರಿದ್ದೇ ಆ ಕಥೆಯ ಮೊದಲ ತಪ್ಪು; ಅಳೆಯದೆ ಮಾರಿದವರು ಅಳೆಯದೆ ಕೊಳ್ಳಲೂ ಬಲ್ಲರು. ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ ನಮ್ಮ ಕಚೇರಿಗಳಿಗೆ ರೂಢಿಯಾಗಿರುವುದು ಎಲ್-1, ಅಂದರೆ ಅತಿ ಕಡಿಮೆ ದರದವನಿಗೆ ಕೆಲಸ. ಟೇಬಲ್ಲು ಕುರ್ಚಿಗೆ ಅದು ಸರಿ. ರಿಲೇ ಸೇವೆಯಲ್ಲಿ ಕಡಿಮೆ ದರ ಕೂಗುವುದು ಬಹಳ ಸುಲಭ: ಮೊದಲ ವರ್ಷ ನಿಮಿಷಕ್ಕೆ ಚಿಲ್ಲರೆ ಕಾಸು, ಟರ್ಮಿನಲ್ ಪುಕ್ಕಟೆ, ನೌಕೆಗೆ ಅದನ್ನು ಜೋಡಿಸಿಯಾದ ಮೇಲೆ ಮೂರನೆಯ ವರ್ಷದ ದರವನ್ನು ಕೇಳುವವರು ಯಾರು? ಆದ್ದರಿಂದ ದರಕ್ಕಿಂತ ಮುಂಚೆ ಬಿಡುಗಡೆಯ ಷರತ್ತನ್ನು ತೂಗುವ ಟೆಂಡರ್ ಬೇಕು. ಕಂಪನಿ ಮಾರಾಟವಾದರೆ, ಅದರ ದೇಶ ನಿರ್ಬಂಧ ಹಾಕಿದರೆ, ಸಾಮರ್ಥ್ಯ ಬೇರೆ ಗಿರಾಕಿಗೆ ಹೆಚ್ಚಿನ ಬೆಲೆಗೆ ಹೋದರೆ ನಮ್ಮ ಸರದಿ ಎಷ್ಟನೆಯದು ಎಂಬುದು ಮೊದಲೇ ಬರಹದಲ್ಲಿರಬೇಕು. ಸೈಟ್‌ನ ಕಾಗದದಲ್ಲಿ ಕೊನೆಯ ದಿನ ಬರೆದಿತ್ತು. ಆದ್ದರಿಂದಲೇ ನಾವು ಮುಂದಿನದಕ್ಕೆ ತಯಾರಾದೆವು.

ಇಂಥ ಕರಾರನ್ನು ಬಯಲಿಗಿಟ್ಟರೆ ರಕ್ಷಣೆಗೆ ಧಕ್ಕೆ ಎಂಬ ಆಕ್ಷೇಪ ಬಂದೇ ಬರುತ್ತದೆ. ಯಾವ ಆವರ್ತನ, ಯಾವ ಸಂಕೇತಲಿಪಿ, ಯಾವ ಹೊತ್ತಿನಲ್ಲಿ ನೌಕೆ ಎಲ್ಲಿ, ಇವು ಗುಟ್ಟಾಗಿರಲಿ. ಬೆಲೆ, ಅವಧಿ, ವಿಳಂಬಕ್ಕೆ ದಂಡ, ಬಿಡುಗಡೆಯ ಷರತ್ತು, ಇವುಗಳಲ್ಲಿ ಶತ್ರುವಿಗೆ ಸಿಗುವ ಗುಟ್ಟೇನಿದೆ? ನಾಸಾ ಆರು ಕಂಪನಿಗೂ ಎಷ್ಟೆಷ್ಟು ಕೊಟ್ಟಿತೆಂದು ಡಾಲರ್ ಲೆಕ್ಕದಲ್ಲಿ ಪ್ರಕಟಿಸಿತು, ಅದರಿಂದ ಅಮೆರಿಕ ಮುಳುಗಲಿಲ್ಲ. ಮುಚ್ಚಿಟ್ಟ ಕರಾರಿನಿಂದ ದೇಶಕ್ಕೆ ಹತ್ತಿದ ವ್ಯಾಜ್ಯ ಎಷ್ಟು ದುಬಾರಿಯೆಂದು ಈಗಷ್ಟೇ ಹೇಳಿದೆ.

ಕೊನೆಯ ಆಕ್ಷೇಪ ಈ ಸಭೆಯದೇ ಇರಬಹುದು. ಶೇಂಗಾ ಒಣಗುವ ನಾಡಿನಲ್ಲಿ, ಕುಡಿಯುವ ನೀರು ಪೈಪಿನಲ್ಲಿ ಜಿಲ್ಲೆಯಾಚೆಯಿಂದ ಬರಬೇಕಾದಲ್ಲಿ, ಆಕಾಶದ ಬಾಡಿಗೆ ಯಾರಿಗೆ ಬೇಕು ಎಂದು. ಪ್ರಶ್ನೆ ನ್ಯಾಯವಾದದ್ದು, ಅದಕ್ಕೆ ಜಂಬದ ಉತ್ತರ ಕೊಡಲಾರೆ. ಇಷ್ಟು ಹೇಳಬಲ್ಲೆ: ಆ ಇಪ್ಪತ್ತು ಸಾವಿರ ಕೋಟಿಯೂ ನಿಮ್ಮ ನೀರಿನ ಪೈಪಿನ ಹಣವೂ ಬರುವುದು ಒಂದೇ ಬೊಕ್ಕಸದಿಂದ, ಎರಡಕ್ಕೂ ಟೆಂಡರ್ ಬರೆಯುವ ಬುದ್ಧಿ ಒಂದೇ. ಪಂಪು ಕೆಟ್ಟಾಗ ದುರಸ್ತಿ ಯಾರದು, ಟ್ಯಾಂಕರಿನವನು ದರ ಏರಿಸಿದರೆ ಮುಂದೇನು, ತೂಬಿನ ಕೀಲಿ ಯಾರ ಮನೆಯಲ್ಲಿ ಎಂದು ಕೇಳಿ ಕೇಳಿ ರೂಢಿಯಾದವರು ಈ ಸೀಮೆಯವರು. ದೆಹಲಿಯ ಬಾಹ್ಯಾಕಾಶ ಕಡತಕ್ಕೂ ಅವೇ ಪ್ರಶ್ನೆ ಬೇಕು, ಮತ್ತು ಅವನ್ನು ಕೇಳಲು ರಾಕೆಟ್ ವಿಜ್ಞಾನ ಓದಿರಬೇಕಿಲ್ಲ.

ನಿಮ್ಮಲ್ಲಿ ಪದವಿ ಕಾಲೇಜಿನ ವಿದ್ಯಾರ್ಥಿಗಳಿದ್ದೀರಿ, ನಿವೃತ್ತ ಮೇಷ್ಟ್ರುಗಳಿದ್ದೀರಿ, ಸಂಸದರನ್ನು ಮದುವೆ ಮುಂಜಿಯಲ್ಲಿ ಮುಖಾಮುಖಿ ಕಾಣುವವರಿದ್ದೀರಿ. ಗಗನಯಾನಕ್ಕೆ ಖಾಸಗಿ ರಿಲೇ ಕೊಳ್ಳುವ ಕರಾರು ಯಾವತ್ತಾದರೂ ಸಂಸತ್ತಿನ ಮೇಜಿನ ಮೇಲೆ ಬಂದರೆ, ಬೆಲೆಯ ಪುಟವನ್ನು ಪತ್ರಿಕೆಯವರು ಓದುತ್ತಾರೆ. ನೀವು ಕರಾರು ಮುಗಿಯುವುದು ಹೇಗೆಂದು ಬರೆದ ಪುಟವನ್ನು ತೆರೆದು ಓದಿ, ಅಂಥ ಪುಟ ಇಲ್ಲದಿದ್ದರೆ ಯಾಕಿಲ್ಲವೆಂದು ಕೇಳಿ.